ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ, ಟಿಕೆಟ್‌ಗೊಂದು ಗಂಟೆ ಲೆಕ್ಕ ಯಾಕೆ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನನ್ನ ಬಾಣಂತನಕ್ಕೆ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರ್ತಿದ್ದಾರೆ. ನಾವಿರೋದು ಫ್ರೀಮಾಂಟ್‌ನಲ್ಲಿ, ಹಾಗಾಗಿ ಇಳಿಯಬೇಕಾದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಪ್ಪನಿಗೆ 68, ಮಂಡಿನೋವು, ಶುಗರ್ ಬೇರೆ. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಜೊತೆಗೆ ಯಾರೂ ಇಲ್ಲ, ಇಬ್ಬರೇ ಬರಬೇಕು.

ಅಂತರ ಹುಡುಕಿದರೆ 13,990 ಕಿ.ಮೀ. ಅಂತ ಬರುತ್ತದೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತೆ ಅಂದ್ರೆ ಹದಿನೈದೂವರೆ ಗಂಟೆ ಆಯ್ತು. ಆದರೆ ಟಿಕೆಟ್ ನೋಡಿದರೆ ಒಂದು 16 ಗಂಟೆ, ಇನ್ನೊಂದು 22, ಮತ್ತೊಂದು 31! ಬರೋದಕ್ಕೊಂದು ಹೊತ್ತು, ವಾಪಸ್ ಹೋಗೋದಕ್ಕೆ ಇನ್ನೊಂದು ಹೊತ್ತು. ತಾರೀಖು ನೋಡಿದರೆ ತಲೆ ತಿರುಗುತ್ತದೆ, ಬರುವಾಗ ಹೊರಟ ದಿನವೇ ತಲುಪುತ್ತಾರೆ, ಹೋಗುವಾಗ ಮೂರನೇ ದಿನ. ಇದೆಲ್ಲ ಯಾಕೆ ಹೀಗೆ, ಮತ್ತೆ ಇವರಿಬ್ಬರಿಗೆ ಯಾವ ದಾರಿ ಒಳ್ಳೆಯದು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ರನ್‌ವೇ ಪಕ್ಕದ ಮನೆ

ಮೊದಲು ದೂರದ ವಿಷಯ ಮುಗಿಸೋಣ, ನನಗೆ ಅದೇ ಇಷ್ಟ.

13,990 ಸರಿಯಾಗಿಯೇ ಇದೆ. ಆದರೆ ಅದು ಗ್ಲೋಬ್ ಮೇಲೆ ದಾರ ಎಳೆದು ಅಳೆದ ದೂರ. ಗೋಡೆ ಮೇಲಿನ ನಕ್ಷೆ ನೋಡಿದವರು ಬೆಂಗಳೂರಿಂದ ಬಲಕ್ಕೆ ಹೋಗಿ, ಜಪಾನ್ ದಾಟಿ, ಪೆಸಿಫಿಕ್ ಸಾಗರದ ನಟ್ಟನಡುವೆ ಹಾರ್ತಾರೆ ಅಂದ್ಕೊಳ್ತಾರೆ. ದಾರ ಹಾಗೆ ಹೋಗೋದೇ ಇಲ್ಲ. ಬೆಂಗಳೂರು ಸುಮಾರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ 122.4 ಡಿಗ್ರಿ ಪಶ್ಚಿಮದಲ್ಲಿದೆ. ಎರಡನ್ನೂ ಕೂಡಿದರೆ 200. 180 ಆಗಿದ್ದರೆ ಎರಡೂ ಊರು ಭೂಮಿಯ ಎದುರುಬದುರು ರೇಖೆ ಮೇಲೆ ಬರುತ್ತಿದ್ದವು, ಆಗ ಹತ್ತಿರದ ದಾರಿ ನೇರವಾಗಿ ಉತ್ತರ ಧ್ರುವದ ಮೇಲೇ. ಇಲ್ಲಿ ಇಪ್ಪತ್ತು ಡಿಗ್ರಿ ವ್ಯತ್ಯಾಸ ಇರೋದರಿಂದ ದಾರ ಸ್ವಲ್ಪ ಪಕ್ಕಕ್ಕೆ ಸರಿದು ಟಿಬೆಟ್, ಮಂಗೋಲಿಯಾ ಕಡೆ, ಸೈಬೀರಿಯಾ ಹಾದು 71 ಡಿಗ್ರಿ ಉತ್ತರದವರೆಗೂ ಹತ್ತಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ.

ತಮಾಷೆ ಏನಂದ್ರೆ, ಬೇಕು ಅಂತಲೇ ಧ್ರುವದ ಮೇಲೇ ಹೋದರೂ ಸುಮಾರು 14,370 ಕಿ.ಮೀ. ಅಷ್ಟೇ. 380 ಕಿ.ಮೀ. ಜಾಸ್ತಿ, ಅರ್ಧ ಗಂಟೆಯೂ ಇಲ್ಲ. ಇನ್ನೊಂದು, ದೆಹಲಿಯೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಹಾಗಾಗಿ ಬೆಂಗಳೂರು–ದೆಹಲಿ 1,710, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 12,380, ಒಟ್ಟು 14,090. ದೆಹಲಿ ಸುತ್ತಿ ಹೋದರೆ ಜಾಸ್ತಿ ಆಗೋದು ಬರೀ ನೂರು ಕಿ.ಮೀ. 'ದೆಹಲಿ ಅಂದ್ರೆ ಸುತ್ತು' ಅನ್ನೋರಿಗೆ ಇದನ್ನ ತೋರಿಸಿ.

ಕಾಫಿಪುಡಿ

ಹಾಗಾದ್ರೆ ಟಿಬೆಟ್ ಮೇಲೇ ಹಾರ್ತಾರಾ? ಅಲ್ಲಿ ವಿಮಾನಗಳು ಹೋಗಲ್ಲ ಅಂತ ಎಲ್ಲೋ ಕೇಳಿದ್ದೆ.

ರನ್‌ವೇ ಪಕ್ಕದ ಮನೆ

@ಕಾಫಿಪುಡಿ ಸರಿಯಾಗೇ ಕೇಳಿದ್ದೀರಿ. ಸಾಮಾನ್ಯವಾಗಿ ತಪ್ಪಿಸ್ತಾರೆ. ವಿಮಾನದೊಳಗೆ ಗಾಳಿಯ ಒತ್ತಡ ಹೋದರೆ ಪೈಲಟ್ ತಕ್ಷಣ 10,000 ಅಡಿ ಹತ್ತಿರಕ್ಕೆ ಇಳಿಸಬೇಕು. ಮೇಲಿಂದ ಜೋತು ಬೀಳುವ ಮಾಸ್ಕ್‌ನಲ್ಲಿ ಬರೋ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು, ಅಷ್ಟೇ. ಟಿಬೆಟ್‌ನಲ್ಲಿ ನೆಲವೇ 14-15 ಸಾವಿರ ಅಡಿ ಎತ್ತರದಲ್ಲಿದೆ. ಇಳಿಯೋದೆಲ್ಲಿಗೆ? ಅದಕ್ಕೇ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ ಕಡೆಯಿಂದ ಬಳಸಿ ಹೋಗೋದು. ಅಲ್ಲಿ ಒಂದಷ್ಟು ದೂರ ಸೇರಿಕೊಳ್ಳುತ್ತದೆ. 13,990 ಅನ್ನೋದು ಕಾಗದದ ಮೇಲಿನ ದೂರ, ಯಾವ ವಿಮಾನವೂ ಅಷ್ಟೇ ಹಾರಿ ಮುಗಿಸೋದಿಲ್ಲ.

ಹೊತ್ತಿನ ವಿಷಯದಲ್ಲೂ ಒಂದು ಗುಟ್ಟು ಇದೆ. ಟಿಕೆಟ್‌ನಲ್ಲಿ ಬರೆದ ಹೊತ್ತು ಹಾರಾಟದ್ದು ಮಾತ್ರ ಅಲ್ಲ. ಗೇಟ್ ಬಿಟ್ಟ ಗಳಿಗೆಯಿಂದ ಆ ಕಡೆ ಗೇಟ್‌ಗೆ ಬಂದು ನಿಲ್ಲೋವರೆಗೂ ಲೆಕ್ಕ. ರನ್‌ವೇ ಸಾಲಲ್ಲಿ ಕಾಯೋದು, ಇಳಿದ ಮೇಲೆ ಉರುಳಿಕೊಂಡು ಬರೋದು ಎಲ್ಲ ಅದರೊಳಗೇ.

ಸನ್ನಿವೇಲ್ ಸೀನ

ಹೋಗೋದಕ್ಕೂ ಬರೋದಕ್ಕೂ ವ್ಯತ್ಯಾಸ ಗಾಳಿಯಿಂದ. ಮೇಲೆ 30-40 ಸಾವಿರ ಅಡಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಗಾಳಿ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಜಪಾನ್, ಪೆಸಿಫಿಕ್ ಮೇಲೆ ಗಂಟೆಗೆ 200 ಕಿ.ಮೀ. ದಾಟೋದು ಮಾಮೂಲು. ಅದು ಬೆನ್ನಿಗೆ ಸಿಕ್ಕರೆ ವಿಮಾನ ನೆಲದ ಲೆಕ್ಕದಲ್ಲಿ ಗಂಟೆಗೆ 1,100 ಕಿ.ಮೀ. ಓಡುತ್ತದೆ, ಎದುರಿಗೆ ಸಿಕ್ಕರೆ 700.

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಏನು ಮಾಡ್ತು ನೋಡಿ. ಅಲ್ಲಿವರೆಗೂ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗ್ತಿತ್ತು, ಸುಮಾರು 13,900 ಕಿ.ಮೀ. ಅದನ್ನ ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ 15,300 ಆಯ್ತು, ಅಂದ್ರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಮೊದಲಿಗಿಂತ ಬೇಗ! ಗಾಳಿ ಬೆನ್ನಿಗಿದ್ರೆ ಸುತ್ತು ದಾರಿಯೇ ಹತ್ತಿರ.

ಹಾಗಾಗಿ ಬೆಂಗಳೂರಿಂದ ಈ ಕಡೆ ಬರೋದು 16 ಗಂಟೆ ಆಸುಪಾಸು, ಈ ಕಡೆಯಿಂದ ಹೋಗೋದು 17ರಿಂದ 18.

ಧಾರವಾಡ ಪೇಡೆ

ಆ ಹೆಣ್ಣುಮಕ್ಕಳು ಹಾರಿಸಿಕೊಂಡು ಬಂದಿದ್ರಲ್ಲಾ, ಅದೇ ವಿಮಾನ ಅಲ್ವಾ ಇದು?

ರನ್‌ವೇ ಪಕ್ಕದ ಮನೆ

ಹೌದು, ಅದೇ ದಾರಿ. 2021ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 11ನೇ ತಾರೀಖು ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ತಂಡ, ಕಾಕ್‌ಪಿಟ್‌ನಲ್ಲಿ ಎಲ್ಲ ಮಹಿಳೆಯರೇ, ಉತ್ತರ ಧ್ರುವದ ಮೇಲಿಂದ. ಸುಮಾರು 17 ಗಂಟೆ. ವಿಮಾನ ಬೋಯಿಂಗ್ 777-200ಎಲ್ಆರ್. ಅದರ ಟ್ಯಾಂಕ್‌ಗೆ 1 ಲಕ್ಷ 80 ಸಾವಿರ ಲೀಟರ್‌ಗೂ ಮೇಲೆ ಇಂಧನ ಹಿಡಿಸುತ್ತದೆ. ಇಷ್ಟುದ್ದದ ಹಾರಾಟದಲ್ಲಿ ನಾಲ್ಕು ಜನ ಪೈಲಟ್‌ಗಳು ಇರ್ತಾರೆ, ಇಬ್ಬರು ಓಡಿಸುವಾಗ ಇನ್ನಿಬ್ಬರು ಮಲಗ್ತಾರೆ.

ಧ್ರುವದ ಕಡೆ ಹೋಗುವಾಗ ಒಂದು ತೊಂದರೆ ಚಳಿ. ನಮ್ಮಲ್ಲಿ ತುಂಬಿಸೋ ವಿಮಾನ ಇಂಧನ ಮೈನಸ್ 47 ಡಿಗ್ರಿಗೆ ಗಟ್ಟಿಯಾಗೋಕೆ ಶುರು ಮಾಡುತ್ತದೆ, ಅಮೆರಿಕದಲ್ಲಿ ತುಂಬಿಸೋದು ಮೈನಸ್ 40ಕ್ಕೇ. ಹೊರಗಿನ ಗಾಳಿ ಕೆಲವು ಸಲ ಅದಕ್ಕಿಂತ ತಣ್ಣಗಿರುತ್ತದೆ. ಟ್ಯಾಂಕ್‌ನ ಉಷ್ಣಾಂಶ ನೋಡ್ತಾ, ಬೇಕಾದ್ರೆ ಕೆಳಗಿಳಿದು ಇಲ್ಲಾ ವೇಗ ಹೆಚ್ಚಿಸಿ ಹೋಗ್ತಾರೆ. ಅಲ್ಲೆಲ್ಲಾದರೂ ಇಳಿಯಬೇಕಾಗಿ ಬಂದರೆ ಹೊರಗೆ ಹೋಗೋಕೆ ಅಂತ ದಪ್ಪ ಧ್ರುವದ ಉಡುಪೂ ವಿಮಾನದಲ್ಲಿರುತ್ತದೆ.

ಕಾಫಿಪುಡಿ

ಅಲ್ಲಿ ಇಳಿಯೋದು ಅಂದ್ರೆ! ಹಾಸನದ ಹುಡುಗಿ ಅಪ್ಪ ಅಮ್ಮನಿಗೆ ಟಿಕೆಟ್ ಕೇಳ್ತಿದ್ದಾರೆ, ನೀವು ಧ್ರುವದ ಉಡುಪು ಹೇಳಿ ಹೆದರಿಸ್ತೀರಲ್ಲ ಸಾರ್.

ಸನ್ನಿವೇಲ್ ಸೀನ

ಹೆದರಿಸೋಕಲ್ಲ, ಆಗಿದೆ. 2023ರ ಜೂನ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿಕೊಂಡು ರಷ್ಯಾದ ಮಗದಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು. ಎಲ್ಲರೂ ಕ್ಷೇಮ. ಆದರೆ ಅಷ್ಟು ಸಣ್ಣ ಊರಲ್ಲಿ ಹೋಟೆಲ್ ಸಾಕಾಗದೆ ಶಾಲೆಯಲ್ಲಿ, ಹಾಸ್ಟೆಲ್‌ನಲ್ಲಿ ಹಾಸಿಗೆ ಹಾಕಿಕೊಟ್ಟಿದ್ದರು. ಇನ್ನೊಂದು ವಿಮಾನ ಹೋಗಿ ಕರ್ಕೊಂಡು ಬಂತು.

ರಷ್ಯಾ ವಿಷಯ ಬಂತು ಅಂತ ಇದೂ ಹೇಳ್ತೀನಿ. 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳು ರಷ್ಯಾ ಮೇಲೆ ಹಾರೋ ಹಾಗಿಲ್ಲ. ನಮ್ಮವರು ಹಾರಬಹುದು. ಅಮೆರಿಕದ ಯುನೈಟೆಡ್‌ನವರು ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಅಂತ 2020ರಲ್ಲೇ ಘೋಷಿಸಿದ್ದರು. ಶುರುವಾಗಲೇ ಇಲ್ಲ. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು ಅಂತ ಹೇಳಿತ್ತು, ಅದೂ ಇಲ್ಲ. ಏರ್ ಇಂಡಿಯಾದ ನೇರ ವಿಮಾನವೂ ಶುರುವಾಗಿ, ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿದ್ದು. ಹಾಗಾಗಿ ನೀವು ಟಿಕೆಟ್ ತೆಗೆಯೋ ತಿಂಗಳಲ್ಲಿ ಓಡ್ತಿದೆಯಾ ಅಂತ ಕಂಪನಿಯ ಸ್ವಂತ ಜಾಲತಾಣದಲ್ಲೇ ನೋಡಿ. ಹಳೇ ವಿಡಿಯೊ ನೋಡಿ ಪ್ಲಾನ್ ಮಾಡಬೇಡಿ.

ನೇರ ಸಿಕ್ಕರೆ ಯೋಚನೆಯೇ ಬೇಡ, ನೇರವೇ. ದೇವನಹಳ್ಳಿಯಲ್ಲಿ ಹತ್ತಿಸಿದರೆ ಮುಗೀತು, ಇಳಿಯೋದು ನಿಮ್ಮ ಮುಂದೆ. ನಡುವೆ ದಾರಿ ತಪ್ಪೋ ಮಾತೇ ಇಲ್ಲ.

ಮಂಗಳೂರು ಬಜಿಲ್

ಮಾರಾಯ್ರೆ, 68 ವರ್ಷದವರನ್ನ, ಅದೂ ಮಂಡಿನೋವು ಇರೋರನ್ನ, 16 ಗಂಟೆ ಒಂದೇ ಸೀಟಲ್ಲಿ ಕೂರಿಸ್ತೀರಾ? ನಮ್ಮ ಮಾವನ ಕಾಲು ಇಳಿಯುವಾಗ ಬಾತು ಚಪ್ಪಲಿಯೊಳಗೆ ಹೋಗ್ಲೇ ಇಲ್ಲ. ನಡುವೆ ಒಂದು ಕಡೆ ಇಳಿದು, ನಾಲ್ಕು ಹೆಜ್ಜೆ ನಡೆದು, ಕಾಲು ಚಾಚಿ ಕೂತು, ಚಾ ಕುಡಿದು ಹೋಗೋದೇ ಒಳ್ಳೇದು. ದುಬೈ ಕಡೆಯಿಂದ ಕಳಿಸಿ, ಅಲ್ಲಿ ಮಲಯಾಳಿ, ಹಿಂದಿಯವರು, ನಮ್ಮ ತುಳುವರೂ ಸಿಗ್ತಾರೆ, ಭಾಷೆ ತೊಂದರೆಯೂ ಇಲ್ಲ.

ಸನ್ನಿವೇಲ್ ಸೀನ

ಬೆಳಗಿನ ಜಾವ ಮೂರು ಗಂಟೆಗೆ ಅಷ್ಟು ದೊಡ್ಡ ನಿಲ್ದಾಣದಲ್ಲಿ ಗೇಟ್ ಹುಡುಕೋದು ವಿಶ್ರಾಂತಿಯಾ? ನಮ್ಮಮ್ಮ ಹಾಗೆ ಬಂದಾಗ ಮೊದಲ ವಿಮಾನ ತಡ ಆಗಿ ಎರಡನೆಯದು ತಪ್ಪಿತು. ಆ ಕಂಪನಿಯವರು ಹೋಟೆಲ್ ಕೊಟ್ಟರು, ಆದರೆ ಕೌಂಟರ್‌ನಲ್ಲಿ ಕೈಗಿತ್ತ ಚೀಟಿ ಓದೋರು ಯಾರು? ಅಮ್ಮ ಕುರ್ಚಿಯಲ್ಲೇ ಕೂತಿದ್ದರು. ಕೊನೆಗೆ ಅಪರಿಚಿತ ಹುಡುಗನೊಬ್ಬ ತನ್ನ ಫೋನಿಂದ ನನಗೆ ಕರೆ ಮಾಡಿಸಿದ. ಅವತ್ತೇ ತೀರ್ಮಾನ ಮಾಡಿದೆ, ಹಣ ಜಾಸ್ತಿ ಆದ್ರೂ ನೇರ.

ಮಂಗಳೂರು ಬಜಿಲ್

ಅದು ಒಂದು ಸಲ ಆಯ್ತು ಅಂತ ಎಲ್ಲರಿಗೂ ಹಾಗೇ ಆಗಲ್ಲ. ನೇರ ವಿಮಾನವೂ ತಡ ಆಗುತ್ತದೆ, ರದ್ದೂ ಆಗುತ್ತದೆ, ಆಗ ಬೇರೆ ದಾರಿಯೇ ಇರಲ್ಲ.

ಫ್ರೀಮಾಂಟ್ ಅತ್ತೆ

ಇಬ್ಬರೂ ಸ್ವಲ್ಪ ನಿಲ್ಲಿ. ನಾನು ಮಗನ ಮನೆಗೆ ವರ್ಷ ವರ್ಷ ಓಡಾಡೋಳು, ವಯಸ್ಸೂ ಇವರಪ್ಪನಷ್ಟೇ. ನೀವು ಒಟ್ಟು ಗಂಟೆ ನೋಡಿ ಜಗಳ ಆಡ್ತಿದ್ದೀರಿ. ಮುದುಕರಿಗೆ ನೋಡಬೇಕಾದ್ದು ಒಟ್ಟು ಗಂಟೆ ಅಲ್ಲ. ಒಂದೇ ಕಡೆ ಎದ್ದೇಳದ ಹಾಗೆ ಅತಿ ಜಾಸ್ತಿ ಹೊತ್ತು ಎಷ್ಟು ಕೂರಬೇಕು ಅನ್ನೋದು.

ಬಜಿಲ್ ಅವರು ದುಬೈ ಅಂದ್ರು. ಬೆಂಗಳೂರು–ದುಬೈ 2,700 ಕಿ.ಮೀ., ನಾಲ್ಕು ಗಂಟೆ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋ 13,000 ಕಿ.ಮೀ., ಹತ್ತಿರ ಹತ್ತಿರ 16 ಗಂಟೆ! ಅಂದ್ರೆ ನೇರ ವಿಮಾನದಲ್ಲಿ ಕೂರುವಷ್ಟೇ ಕೂತು, ಅದರ ಮೇಲೆ ಇನ್ನೂ ನಾಲ್ಕು ಗಂಟೆ. ಮಂಡಿಗೆ ಏನು ಉಪಕಾರ ಆಯ್ತು? ಸಿಂಗಪುರವೂ ಹಾಗೇ. ಬೆಂಗಳೂರಿಂದ ನಾಲ್ಕೂವರೆ ಗಂಟೆ, ಅಲ್ಲಿಂದ 13,580 ಕಿ.ಮೀ., 15-16 ಗಂಟೆ. ವಾಪಸ್ ಬರುವಾಗ ಇನ್ನೂ ಜಾಸ್ತಿ. ನಕ್ಷೆ ಮೇಲೆ ನಡುವೆ ಇದ್ದ ಹಾಗೆ ಕಾಣುತ್ತೆ, ಆದರೆ ಅದು ನಡು ಅಲ್ಲ, ನಮ್ಮ ಬಾಗಿಲ ಹತ್ತಿರವೇ.

ದಾರಿ ನಿಜವಾಗಿ ಅರ್ಧ ಅರ್ಧ ಆಗೋದು ಫ್ರಾಂಕ್‌ಫರ್ಟ್, ಲಂಡನ್, ಟೋಕಿಯೊ. ಫ್ರಾಂಕ್‌ಫರ್ಟ್‌ಗೆ 7,400 ಕಿ.ಮೀ., ಒಂಬತ್ತೂವರೆ-ಹತ್ತು ಗಂಟೆ. ಅಲ್ಲಿಂದ 9,150 ಕಿ.ಮೀ., ಹನ್ನೊಂದೂವರೆ. ಟೋಕಿಯೊದ ನರಿಟಾಗೆ 6,700, ಎಂಟು ಗಂಟೆ ಚಿಲ್ಲರೆ, ಅಲ್ಲಿಂದ 8,230, ಒಂಬತ್ತು ಒಂಬತ್ತೂವರೆ, ಗಾಳಿ ಬೆನ್ನಿಗೆ. ಕೂಡಿ ನೋಡಿ, 14,930. ನೇರ ದೂರಕ್ಕಿಂತ ಸಾವಿರ ಕಿ.ಮೀ. ಕೂಡ ಜಾಸ್ತಿ ಇಲ್ಲ. ಫ್ರಾಂಕ್‌ಫರ್ಟ್ ಸುತ್ತಿದರೆ 16,550. ನನಗೆ ಟೋಕಿಯೊ ಇಷ್ಟ, ನಿಲ್ದಾಣ ಶಾಂತ, ಶೌಚಾಲಯ ಫಳಫಳ. ಆದರೆ ಸಸ್ಯಾಹಾರಕ್ಕೆ ಮೊದಲೇ ಹೇಳಿರಬೇಕು. ಟಿಕೆಟ್ ಮಾಡುವಾಗ ಹಿಂದೂ ಊಟ ಅಂತ ಒತ್ತಿದರೆ ಮಾಂಸ ಬರಬಹುದು ಕಣಮ್ಮ, 'ಏಷ್ಯನ್ ವೆಜಿಟೇರಿಯನ್' ಅಂತಲೇ ಹಾಕಿ.

ಹಾಸನದ ಹುಡುಗಿ

ಅತ್ತೆ, ಇದು ನನಗೆ ಹೊಳೆದೇ ಇರಲಿಲ್ಲ. ದುಬೈ ಟಿಕೆಟ್ ಹೆಚ್ಚುಕಡಿಮೆ ತೆಗೆದೇ ಬಿಡ್ತಿದ್ದೆ. ಹಾಗಾದ್ರೆ ಇವರಿಗೆ ನೇರವಾ, ಟೋಕಿಯೊನಾ?

ಫ್ರೀಮಾಂಟ್ ಅತ್ತೆ

ನಿಮ್ಮಪ್ಪ ಧರ್ಮಸ್ಥಳಕ್ಕೆ ಬಸ್ಸಲ್ಲಿ ಹೋದರೆ ಇಳಿದ ಮೇಲೆ ಹೇಗಿರ್ತಾರೆ ಅಂತ ಅಮ್ಮನ್ನ ಕೇಳಿ. ಮೂರು ಗಂಟೆ ಕೂತಿದ್ದಕ್ಕೇ ಕಾಲು ಹಿಡಿಯುತ್ತೆ ಅಂದ್ರೆ ಎರಡು ತುಂಡು ಮಾಡಿ. ಕೂರೋದು ಕಷ್ಟ ಇಲ್ಲ, ಹೊಸ ಜಾಗದಲ್ಲಿ ಗಾಬರಿ ಆಗ್ತಾರೆ ಅನ್ನೋದಾದ್ರೆ ನೇರ. ಇದನ್ನ ನಾವ್ಯಾರೂ ಇಲ್ಲಿಂದ ಹೇಳೋಕಾಗಲ್ಲ.

ಯಾವುದೇ ಆಗಲಿ ಗಾಲಿಕುರ್ಚಿ ಬರೆಸಿ. ದುಡ್ಡಿಲ್ಲ. ನಡೆಯೋಕೆ ಬರುತ್ತೆ, ನಾಚಿಕೆ ಅಂತ ಅಪ್ಪ ಬೇಡ ಅಂತಾರೆ, ಎಲ್ಲ ಅಪ್ಪಂದಿರೂ ಹಾಗೇ ಅಂತಾರೆ. ಕುರ್ಚಿ ತಳ್ಳೋ ಹುಡುಗ ಇಮಿಗ್ರೇಷನ್ ಸಾಲಲ್ಲಿ ಮುಂದೆ ಕರ್ಕೊಂಡು ಹೋಗ್ತಾನೆ, ಬ್ಯಾಗ್ ಇಳಿಸಿ ಕೊಡ್ತಾನೆ, ಹೊರಗೆ ನಿಮ್ಮ ಕೈಗೆ ಒಪ್ಪಿಸಿಯೇ ಹೋಗ್ತಾನೆ. ಭಾಷೆಯ ಅರ್ಧ ತೊಂದರೆ ಅಲ್ಲೇ ಮುಗೀತು. ಇಬ್ಬರ ಹೆಸರಿಗೂ ಬರೆಸಿ, ಇಲ್ಲದಿದ್ರೆ ಒಬ್ಬರನ್ನ ತಳ್ಕೊಂಡು ಹೋಗಿ ಇನ್ನೊಬ್ಬರು ಹಿಂದೆ ಓಡಬೇಕಾಗುತ್ತೆ.

ಮತ್ತೆ ಅಮ್ಮನ ಕೈಗೆ ಒಂದು ರಟ್ಟಿನ ಹಾಳೆ ಕೊಡಿ. ಒಂದು ಬದಿ ಇಂಗ್ಲಿಷ್‌ನಲ್ಲಿ ನಿಮ್ಮ ವಿಳಾಸ, ಫೋನ್, ಮಗಳ ಹೆರಿಗೆಗೆ ಬಂದಿದ್ದೇವೆ, ಇಷ್ಟು ತಿಂಗಳು ಇರ್ತೇವೆ, ವಾಪಸ್ ಟಿಕೆಟ್ ಈ ದಿನದ್ದು ಅಂತ. ಇನ್ನೊಂದು ಬದಿ ಅದೇ ಕನ್ನಡದಲ್ಲಿ. ಅಧಿಕಾರಿ ಕೇಳೋದು ಹೆಚ್ಚುಕಡಿಮೆ ಇಷ್ಟೇ. ಕನ್ನಡ ಭಾಷಾಂತರಕಾರರು ಬೇಕು ಅಂತಲೂ ಕೇಳಬಹುದು.

ಕ್ಲಿನಿಕ್ ಕಟ್ಟೆ

ನಾನು ವೈದ್ಯ, ನಿಮ್ಮ ವೈದ್ಯರನ್ನ ಕೇಳದೆ ಏನೂ ಬದಲಿಸಬೇಡಿ ಅಂತ ಮೊದಲೇ ಹೇಳಿಬಿಡ್ತೀನಿ.

ಅಪ್ಪ ಇನ್ಸುಲಿನ್ ತಗೊಳ್ತಿದ್ರೆ ಅದು ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕೋ ಬ್ಯಾಗಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರೋದಿಲ್ಲ. ಜೊತೆಗೆ ವೈದ್ಯರ ಚೀಟಿ. ಗಡಿಯಾರ ಸುಮಾರು 13 ಗಂಟೆ ಹಿಂದೆ ಹೋಗೋದರಿಂದ 'ಬೆಳಿಗ್ಗೆ ಒಂದು, ರಾತ್ರಿ ಒಂದು' ಅನ್ನೋ ಲೆಕ್ಕ ಕೆಡುತ್ತದೆ. ಯಾವ ಊಟಕ್ಕೆ ಯಾವುದು ಅಂತ ಗಂಟೆ ಹಾಕಿಸಿ ಕಾಗದದ ಮೇಲೆ ಬರೆಸಿಕೊಳ್ಳಿ. ವಿಮಾನದಲ್ಲಿ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ.

ವಿಮಾನದೊಳಗಿನ ಗಾಳಿ ನೆಲದ ಮೇಲಿನ ಹಾಗಿರಲ್ಲ, 6ರಿಂದ 8 ಸಾವಿರ ಅಡಿ ಎತ್ತರದಲ್ಲಿ ಸಿಗುವಷ್ಟು ಇರುತ್ತದೆ. ಮುಳ್ಳಯ್ಯನಗಿರಿ ತುದಿಯಲ್ಲಿ ಹದಿನಾರು ಗಂಟೆ ಕೂತ ಹಾಗೆ. ಆರೋಗ್ಯವಂತರಿಗೆ ಏನೂ ಆಗಲ್ಲ, ಹೃದಯ, ಶ್ವಾಸಕೋಶದ ತೊಂದರೆ ಇದ್ರೆ ಮೊದಲೇ ತೋರಿಸಿ. ಹೊತ್ತುಹೊತ್ತಿಗೆ ಎದ್ದು ನಡೆಯಲಿ. ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡಲಿ. ಕಾಲಿನ ರಕ್ತನಾಳದಲ್ಲಿ ರಕ್ತ ಗಟ್ಟಿಯಾಗೋ ಅಪಾಯ ನಾಲ್ಕು ಗಂಟೆ ದಾಟಿದ ಯಾವ ಪ್ರಯಾಣಕ್ಕೂ ಇದೆ, ಬಸ್ಸಿಗೂ ಸೇರಿ. ಬಿಗಿ ಕಾಲುಚೀಲ ಬೇಕಾ ಅನ್ನೋದನ್ನ ಕೇಳಿ ತಗೊಳ್ಳಿ, ಶುಗರ್ ಇರೋರಿಗೆ ಸುಮ್ನೆ ಹಾಕಬಾರದು. ಸೀಟು ಮಾತ್ರ ಓಣಿ ಕಡೆಯದೇ ಇರಲಿ, ಕಿಟಕಿ ಆಸೆ ಬೇಡ. ಬಾತ್‌ರೂಮಿಗೆ ಎದ್ದೇಳೋಕೆ ಸಂಕೋಚ ಅಂತ ನೀರೇ ಕುಡಿಯದೆ ಕೂರೋ ಹಿರಿಯರನ್ನ ಬೇಕಾದಷ್ಟು ನೋಡಿದ್ದೀನಿ.

ಧಾರವಾಡ ಪೇಡೆ

ತಾರೀಖಿನ ಲೆಕ್ಕ ಯಾರೂ ಬಿಡಿಸಲಿಲ್ಲ ನೋಡ್ರಿ. ನಾನು ಹೇಳ್ತೀನಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದೆ ಮಾಡ್ತಾರೆ, ಆಗ ಹನ್ನೆರಡೂವರೆ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ, 16 ಗಂಟೆ ಹಾರಿದರೆ, ನಮ್ಮ ಲೆಕ್ಕದಲ್ಲಿ ಮಾರನೇ ಬೆಳಿಗ್ಗೆ 6. ಅದರಿಂದ ಹದಿಮೂರೂವರೆ ಕಳೆದರೆ ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ಗಡಿಯಾರ ನೋಡಿದೋರಿಗೆ ಎರಡೂವರೆ ಗಂಟೆಯ ಪ್ರಯಾಣ!

ವಾಪಸ್ ಹೋಗುವಾಗ ಇದನ್ನೆಲ್ಲ ಬಡ್ಡಿ ಸಮೇತ ಕೊಡಬೇಕು. ಸೋಮವಾರ ರಾತ್ರಿ 9ಕ್ಕೆ ಬಿಟ್ಟರೆ ಬೆಂಗಳೂರಲ್ಲಿ ಇಳಿಯೋದು ಬುಧವಾರ ಬೆಳಗಿನ ಜಾವ 4ಕ್ಕೆ. ಮಂಗಳವಾರ ಆಕಾಶದಲ್ಲೇ ಹೋಯ್ತು. ನೀವು ಕರೆಯೋಕೆ ಬರೋರಿಗೆ ತಾರೀಖು ಸರಿಯಾಗಿ ಹೇಳಿ. ಒಂದು ದಿನ ಮುಂಚೆ ಕಾರು ತಗೊಂಡು ದೇವನಹಳ್ಳಿಗೆ ಹೋಗಿ ನಿಂತವರ ಕಥೆ ನಮ್ಮ ಓಣಿಯಲ್ಲೇ ಇದೆ.

ಅಮ್ಮ ಶನಿವಾರ ಒಪ್ಪತ್ತು ಮಾಡೋರಾದ್ರೆ ಶನಿವಾರ ಹೊರಡಿಸಬೇಡ್ರಿ. ಆ ಶನಿವಾರ 24 ಗಂಟೆಯದಲ್ಲ, 37 ಗಂಟೆ ಮೂವತ್ತು ನಿಮಿಷದ್ದು 😄

ಕಾಫಿಪುಡಿ

😂😂 ಎರಡು ಸಂಜೆ ಬರಲ್ವಾ ಆ ಶನಿವಾರದಲ್ಲಿ, ಯಾವ ಸಂಜೆಗೆ ಊಟ ಮಾಡೋದು?

ರನ್‌ವೇ ಪಕ್ಕದ ಮನೆ

ಚಳಿಗಾಲದಲ್ಲಿ ಉತ್ತರದ ದಾರಿಯಲ್ಲಿ ಹೋದರೆ ಇನ್ನೂ ಮಜಾ. 71 ಡಿಗ್ರಿ ಹತ್ತಿರ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟೋದೇ ಇಲ್ಲ. ಜೂನ್‌ನಲ್ಲಿ ಹೋದರೆ ಮುಳುಗೋದಿಲ್ಲ, ಕಿಟಕಿ ಪರದೆ ಹಾಕಿಸಿಯೇ ಮಲಗಿಸ್ತಾರೆ.

ನೆಲಮಂಗಲ ಟೋಲ್

ಎಲ್ಲರೂ ಆಕಾಶದ ಲೆಕ್ಕ ಹಾಕ್ತಿದ್ದೀರಿ, ನೆಲದ ಲೆಕ್ಕ ಯಾರು ಹಾಕೋದು? ಹಾಸನದಿಂದ ದೇವನಹಳ್ಳಿಗೆ ಹೆಚ್ಚುಕಡಿಮೆ 200 ಕಿ.ಮೀ. ಖಾಲಿ ರಸ್ತೆಯಲ್ಲಿ ನಾಲ್ಕು ಗಂಟೆ, ಭಾನುವಾರ ಸಂಜೆ ಊರಿಂದ ಬರೋರ ಜೊತೆ ಸಿಕ್ಕಿಕೊಂಡ್ರೆ ದೇವರೇ ಗತಿ. ಬೆಂಗಳೂರು ಒಳಗೆ ಹೋಗಿ ಹೆಬ್ಬಾಳದಲ್ಲಿ ನಿಲ್ಲಬೇಡಿ. ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಬನ್ನಿ. ಹೊರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ, ಚಾಲಕನಿಗೆ ಅದನ್ನ ಹೇಳಿಬಿಡಿ.

ನಾಲ್ಕು ಗಂಟೆ ರಸ್ತೆ, ಮೂರೂವರೆ ಗಂಟೆ ಮುಂಚೆ ನಿಲ್ದಾಣ, ಹದಿನಾರು ಆಕಾಶ, ಇಳಿದ ಮೇಲೆ ಸಾಲು ಮತ್ತು ಬ್ಯಾಗು ಒಂದೂವರೆ, ಫ್ರೀಮಾಂಟ್‌ಗೆ ಸಂಜೆ ಟ್ರಾಫಿಕ್‌ನಲ್ಲಿ ಒಂದು. ನೇರ ವಿಮಾನದಲ್ಲೂ ಮನೆಯಿಂದ ಮನೆಗೆ 26 ಗಂಟೆ. ಸಾಧ್ಯ ಆದ್ರೆ ಹಿಂದಿನ ರಾತ್ರಿ ಬೆಂಗಳೂರಲ್ಲಿ ಯಾರ ಮನೆಯಲ್ಲಾದ್ರೂ ಮಲಗಿ ಹೊರಡಲಿ.

ತಿಪಟೂರು ಗಿಟಕು

ಬಾಣಂತನಕ್ಕೆ ಬರೋ ಅಮ್ಮಂದಿರ ಬ್ಯಾಗ್ ವಿಷಯ ಹೇಳಲೇಬೇಕು. ಕೊಬ್ಬರಿ ಹಾಕಬೇಡಿ! ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದು ಅಪಾಯದ ಸಾಮಾನಿನ ಪಟ್ಟಿಯಲ್ಲಿದೆ. ಸ್ಕ್ಯಾನ್‌ನಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸ್ತಾರೆ. ನಮ್ಮೂರಿನ ಮಾಲು ಅಂತ ನನಗೂ ಬೇಜಾರೇ. ಅಂಟಿನುಂಡೆ ಮಾಡಿಕೊಂಡು ಬಂದರೆ ಸರಿ, ಇಡೀ ಗಿಟಕು ಬೇಡ.

ಕರಿಬೇವು ಅಮೆರಿಕದೊಳಗೆ ಬಿಡೋದಿಲ್ಲ, ಕಿತ್ತಳೆ ಜಾತಿಯ ಗಿಡಕ್ಕೆ ಬರೋ ರೋಗ ಅದರ ಜೊತೆ ಬರುತ್ತೆ ಅಂತ. ಹಣ್ಣು, ಬೀಜ ಕೂಡ ಬೇಡ. ಚಟ್ನಿಪುಡಿ, ಸಾರಿನಪುಡಿ, ಉಪ್ಪಿನಕಾಯಿ ಕೆಳಗೆ ಹಾಕೋ ಬ್ಯಾಗಲ್ಲಿ ಬರಲಿ, ಉಪ್ಪಿನಕಾಯಿಗೆ ಎರಡು ಕವರ್. ಕೇಳಿದರೆ ಇದೆ ಅಂತಲೇ ಹೇಳಬೇಕು. ಮುಚ್ಚಿಟ್ಟರೆ ದಂಡ.

ಹಾಸನದ ಹುಡುಗಿ

ಅಮ್ಮ ಆಗಲೇ ಕೊಬ್ಬರಿ ತಂದು ಬಿಸಿಲಿಗಿಟ್ಟಿದ್ದಾರೆ 🙈 ಇವತ್ತೇ ಫೋನ್ ಮಾಡಬೇಕು.

ಅತ್ತೆ ಹೇಳಿದ ಹಾಗೆ ಕೇಳಿದೆ. ಅಪ್ಪ 'ನನಗೇನೂ ಆಗಲ್ಲ, ಹದಿನಾರಲ್ಲ ಇಪ್ಪತ್ತು ಗಂಟೆ ಕೂರ್ತೀನಿ' ಅಂದ್ರು. ಅಮ್ಮ ಹಿಂದಿನಿಂದ 'ಸುಳ್ಳು, ಮೊನ್ನೆ ತಿಪಟೂರಿಗೆ ಹೋಗಿ ಬಂದು ಎರಡು ದಿನ ಎಣ್ಣೆ ಹಚ್ಚಿಸಿಕೊಂಡ್ರು' ಅಂದ್ರು. ಟೋಕಿಯೊ ಕಡೆಯೇ ನೋಡ್ತಿದ್ದೀನಿ. ಎರಡು ವಿಮಾನಕ್ಕೂ ಒಂದೇ ಬುಕಿಂಗ್ ಇರಬೇಕು ಅಲ್ವಾ?

ಫ್ರೀಮಾಂಟ್ ಅತ್ತೆ

ಒಂದೇ ಬುಕಿಂಗ್, ಒಂದೇ ನಂಬರ್. ಆಗ ಮೊದಲನೆಯದು ತಡ ಆದ್ರೆ ಮುಂದಿನದರಲ್ಲಿ ಕೂರಿಸೋದು ಅವರ ಜವಾಬ್ದಾರಿ, ಬ್ಯಾಗೂ ನೇರ ಇಲ್ಲಿಗೇ ಬರುತ್ತೆ. ಅಗ್ಗ ಅಂತ ಬೇರೆ ಬೇರೆ ಟಿಕೆಟ್ ಜೋಡಿಸಬೇಡ. ನಡುವೆ ಎರಡೂವರೆ-ಮೂರು ಗಂಟೆ ಇರಲಿ. ಒಂದು ಗಂಟೆಯದ್ದು ಗಾಲಿಕುರ್ಚಿಯವರಿಗೆ ಸಾಕಾಗಲ್ಲ, ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಸ್ತಾರೆ. ವಾಪಸ್ ಹೋಗುವಾಗ ಟೋಕಿಯೊಗೆ ಹನ್ನೊಂದು, ಅಲ್ಲಿಂದ ಒಂಬತ್ತೂವರೆ-ಹತ್ತು, ಎದುರುಗಾಳಿ. ಅದಕ್ಕೂ ಈಗಲೇ ಮನಸ್ಸು ಗಟ್ಟಿ ಮಾಡಿಸಿಡು.

ಹುಬ್ಬಳ್ಳಿ ಗಿರ್ಮಿಟ್

ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡ್ರಿ. ನಮ್ಮ ಮಗ ಡಲ್ಲಾಸ್‌ನಲ್ಲಿದ್ದಾನೆ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದು ಹೋಗಬೇಕು. ನಮಗೂ ಇದೇ ಲೆಕ್ಕವಾ?

ರನ್‌ವೇ ಪಕ್ಕದ ಮನೆ

ಡಲ್ಲಾಸ್ ಇನ್ನೂ ದೂರ, 14,860 ಕಿ.ಮೀ. ಅದು ಬೆಂಗಳೂರಿಗೆ ಹೆಚ್ಚುಕಡಿಮೆ ಸರಿಯಾಗಿ ಎದುರು ರೇಖಾಂಶದಲ್ಲಿದೆ, ದಾರ 84 ಡಿಗ್ರಿವರೆಗೂ ಹತ್ತುತ್ತದೆ, ಧ್ರುವಕ್ಕೆ ಕೂಗಳತೆ. ನೇರ ವಿಮಾನ ಇಲ್ಲ. ದುಬೈನಿಂದ 12,900, ಮತ್ತೆ ಅದೇ 16 ಗಂಟೆ. ಫ್ರಾಂಕ್‌ಫರ್ಟ್‌ನಿಂದ 8,260, ಹನ್ನೊಂದು ಗಂಟೆ. ಅತ್ತೆಯವರ ಲೆಕ್ಕ ಇಲ್ಲೂ ನಡೆಯುತ್ತದೆ.

ಎರಡು ವಿಷಯ ನೋಡಿಕೊಳ್ಳಿ. ಷಿಕಾಗೊ, ನ್ಯೂಯಾರ್ಕ್ ಕಡೆ ಇಳಿದು ಡಲ್ಲಾಸ್‌ಗೆ ಹೋಗೋ ಟಿಕೆಟ್ ಆದ್ರೆ, ಅಮೆರಿಕದಲ್ಲಿ ಮೊದಲು ಇಳಿದ ಕಡೆಯೇ ಇಮಿಗ್ರೇಷನ್, ಅಲ್ಲೇ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಹಾಕಬೇಕು. ಅದಕ್ಕೆ ಮೂರು ಗಂಟೆ ಬೇಕು. ಇನ್ನು ಹುಬ್ಬಳ್ಳಿ ವಿಮಾನದ ಟಿಕೆಟ್ ಬೇರೆಯಾಗಿದ್ರೆ ಅದು ಇಳಿಯೋದು ಒಂದನೇ ಟರ್ಮಿನಲ್‌ನಲ್ಲಿ, ನೀವು ಹತ್ತಬೇಕಾದ್ದು ಎರಡನೆಯದರಲ್ಲಿ. ಬ್ಯಾಗ್ ತಗೊಂಡು ಶಟಲ್ ಬಸ್ ಹಿಡಿಯಬೇಕು. ಕಡಿಮೆ ಅಂದ್ರೂ ಐದಾರು ಗಂಟೆ ಅಂತರ ಇರೋ ಹಾಗೆ ಮಾಡಿಸಿ, ಮಳೆಗಾಲ ಆದ್ರೆ ಹಿಂದಿನ ದಿನವೇ ಬಂದುಬಿಡಿ.

ಹುಬ್ಬಳ್ಳಿ ಗಿರ್ಮಿಟ್

ರಾತ್ರಿ ರೈಲಿಗೇ ಬರ್ತೀವಿ ಹಂಗಾದ್ರೆ. ಯಶವಂತಪುರದಲ್ಲಿ ಇಳಿದು ಟ್ಯಾಕ್ಸಿ ಹಿಡೀತೀವಿ.